ಗರಗಸ ಮಂಡಲಕ್ಕೆ ಆ ಹೆಸರು ಬಂದ ಬಗೆ

ಊರಿನ ಒಂದೇ ಒಂದು ಗರಗಸ ಹೂ ಮುಡಿದು ಗೋಡೆಗೆ ಒರಗಿ ಕೂತಿದೆ. ಆದರೂ ಮರ ಕೊಯ್ಯುವ ಗುಂಡಿಯೊಳಗಿಂದ 'ಗರ್ ಗರ್' ಅಂತ ಸದ್ದು ಬಂತು. ಏನಾಗಿರಬೇಕು, ಹೇಳಿ ನೋಡೋಣ? ದೆವ್ವ ಅಂದಿರಾ? ತಪ್ಪು. ಕಳ್ಳ ಅಂದಿರಾ? ಅರ್ಧ ಸರಿ. ಇತ್ತ ಸರಿದು ಕೂತ್ಕೊಳ್ಳಿ, ಹೇಳ್ತೀನಿ.

ಒಂದಾನೊಂದು ರಾಜ್ಯದಲ್ಲಿ ಮೋನಪ್ಪ ಅಂತ ಒಬ್ಬ ಬಡಗಿ, ಕಾಳವ್ವ ಅಂತ ಅವನ ಹೆಂಡತಿ. ರಾಜನಿಗೆ ಕೋಟೆಬಾಗಿಲು ಆಗಬೇಕಿತ್ತು. ದೊಡ್ಡ ದಿಮ್ಮಿ ಕೊಯ್ಯೋದು ಅಂದರೆ ಮೇಲೊಬ್ಬ ನಿಲ್ಲಬೇಕು, ಗುಂಡಿಯೊಳಗೆ ಒಬ್ಬ ಇಳಿಯಬೇಕು. ಆ ಗುಂಡಿಯ ಮರದ ಹೊಟ್ಟಿನಲ್ಲಿ ಗೇಣುದ್ದದ ಹಾವೊಂದು ಸೇರಿಕೊಂಡಿತ್ತು. ಅದಕ್ಕೆ ಹೆಸರಿಲ್ಲ, ಸದ್ದಿಲ್ಲ. ಮೊದಲ ಆಳು ಇಳಿದ, ಹೆಣವಾಗಿ ಬಂದ. ಎರಡನೆಯವನು ಇಳಿದ, ಹೆಣವಾಗಿ ಬಂದ. ಮೂರನೆಯವನದೂ ಅದೇ ಗತಿ.

"ಆಯುಧಪೂಜೆ ಹಬ್ಬದ ಮಾರನೇ ದಿನ ಮೋನಪ್ಪನೇ ಇಳಿಯಲಿ" ಅಂದುಬಿಟ್ಟ ರಾಜ.

ಕಾಳವ್ವನಿಗೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಹಂಚಿನ ಮೇಲಿನ ಹೋಳಿಗೆ ಕರಕಲಾದರೂ ಮೂಗಿಗೆ ತಿಳಿಯಲಿಲ್ಲ. ಆಯುಧಪೂಜೆಯ ಬೆಳಗ್ಗೆ ಗರಗಸಕ್ಕೆ ಕುಂಕುಮ ಇಡುತ್ತಿದ್ದಳು. ಹೊಸ್ತಿಲ ಹತ್ತಿರ ಒಂದು ದನಿ ಕೇಳಿಸಿತು.

"ಯಾಕವ್ವಾ, ಅದಕ್ಕೇನು ಅಷ್ಟು ಮರ್ಯಾದೆ? ಅದು ಮರ ಮಲಗಿಸುತ್ತೆ, ನಾನು ಮನುಷ್ಯರನ್ನೇ ಮಲಗಿಸಿದೆ. ನನಗೊಂದು ಹೆಸರು ಇಟ್ಟರಾ ಯಾರಾದರೂ?"

ಅದೇ ಹಾವು! ಪಕ್ಕದಲ್ಲೇ ಮರ ಕೆತ್ತುವ ಬಾಚಿ ಇತ್ತು. ಆದರೆ ಪೂಜೆಗಿಟ್ಟ ಆಯುಧವನ್ನು ಆವತ್ತು ಎತ್ತುವ ಹಾಗಿಲ್ಲ. ಬುದ್ಧಿಗೆ ರಜೆ ಇಲ್ಲವಲ್ಲ!

"ಅದಕ್ಕೆ ಮೈತುಂಬ ಹಲ್ಲು ಕಣಪ್ಪಾ. ನಿನಗೆ ಎರಡೇ. ಬೇಕಾದರೆ ಮಾಡಿಕೊಡ್ತೀನಿ."

"ಮಾಡು, ಮಾಡು, ಬೇಗ ಮಾಡು!"

ಮರ ಅಂಟಿಸುವ ಸರೇಸನ್ನು ಉದ್ದನೆ ಕಡ್ಡಿಯಿಂದ ಅದರ ಎರಡೂ ಪಕ್ಕೆಗೆ ಬಳಿದಳು. ಗರಗಸಕ್ಕೆ ಅರ ಹಾಕಿ ಹರಿತ ಮಾಡಿದಾಗ ಉದುರಿದ ಕಬ್ಬಿಣದ ಪುಡಿಯಲ್ಲಿ ಹೊರಳಾಡು ಅಂದಳು. ಹಾವು ಹೊರಳಾಡಿತು. ಒಣಗುವ ತನಕ ಅಲುಗಬೇಡ ಅಂದಳು. ಸುರುಳಿ ಸುತ್ತಿ ಕೂತಿತು. ತಲೆಗೊಂದು ಹೂವಿನೆಸಳು ಹಾಕಿದಳು. ಹಾವು ಬೀಗುತ್ತಾ ಗುಂಡಿಗೆ ಹೋಯಿತು.

ಸಂಜೆ ಮೋನಪ್ಪ ದೀಪ ಹಿಡಿದು ಗುಂಡಿಗೆ ಹೊರಟ.

"ಏನ್ರೀ, ಇವತ್ತೊಂದು ದಿನ ಬೇಡ!"

"ಅನ್ನ ಕೊಟ್ಟ ಗುಂಡಿಗೆ ಹಬ್ಬದ ದೀಪ ಇಡದೆ ಇರ್ಲಾ?"

"ಹಂಗಾದರೆ ಗರಗಸದ ಸದ್ದು ಕೇಳಿದ ಕೂಡಲೇ ಮೇಲಕ್ಕೆ ಹಾರಿ."

"ಇವತ್ತು ಯಾರೇ ಗರಗಸ ಎಳೀತಾರೆ, ಹುಚ್ಚಿ?"

"ಅದಕ್ಕೇ ಹೇಳಿದ್ದು!"

ಒಂದು ಮೆಟ್ಟಿಲು ಇಳಿದ, ಸದ್ದಿಲ್ಲ. ಎರಡು ಮೆಟ್ಟಿಲು ಇಳಿದ, ಸದ್ದಿಲ್ಲ. ಮೂರನೆಯದಕ್ಕೆ ಕಾಲಿಟ್ಟ, 'ಗರ್ ಗರ್!' ಹಾರಿದ ನೋಡಿ ಮೋನಪ್ಪ, ದೀಪ ಅಲ್ಲಿ, ರುಮಾಲು ಇಲ್ಲಿ! ಹಾವು ಕಚ್ಚಿದ್ದು ಬರೀ ಗಾಳಿಯನ್ನ.

ಸದ್ದಿಗೆ ಊರೇ ದೊಣ್ಣೆ ಹಿಡಿದು ಓಡಿಬಂತು, ಎಲ್ಲರಿಗಿಂತ ಮುಂದೆ ಕಾಳವ್ವ. "ಅವ್ವಾ, ಈ ಹಲ್ಲು ಕಿತ್ತುಬಿಡೇ! ಎಲ್ಲಿ ಹೊರಳಿದರೂ ಕೂಗುತ್ತೆ!" ಅಂತ ಹಾವು ಗೋಳಾಡಿತು.

"ಹಲ್ಲು ಕೇಳಿದೆ, ಕೊಟ್ಟೆ. ಹೆಸರೂ ತಗೋ. ಸುರುಳಿ ಸುತ್ತೋದರಿಂದ ಮಂಡಲ, ಮೈ ಉಜ್ಜಿದರೆ ಗರಗಸ. ಗರಗಸ ಮಂಡಲ!"

ಹಾವು ಕಲ್ಲುಗುಡ್ಡಕ್ಕೆ ಓಡಿತು, ದಾರಿಯುದ್ದಕ್ಕೂ ಗರ್ ಗರ್ ಅಂತ. ಇವತ್ತಿಗೂ ಮೈ ಉಜ್ಜಿ ಸದ್ದು ಮಾಡುತ್ತೆ. ಕೇಳಿದವರು ದೂರ ಸರಿದು ಬದುಕಿಕೊಳ್ತಾರೆ.

ಮರೆಯಲ್ಲಿ ಕೇಡು ಮಾಡುವವನು ಮೆರೆಯಲು ಹೊರಟರೆ, ಆ ಮೆರೆತವೇ ಅವನನ್ನು ಹಿಡಿದುಕೊಡುತ್ತೆ. ಇದೇ ನೀತಿ.

ಯಾವತ್ತು ನಡೆದದ್ದು ಅಂದಿರಾ? ಆಶ್ವಯುಜ ಶುದ್ಧ ನವಮಿ, ಮಂಗಳವಾರ, ದೀಪ ಹಚ್ಚುವ ಹೊತ್ತು.