ಪೈಪಿನಲ್ಲಿ ಉಳಿದ ನೀರು

ಹಿಮಾಲಯದ ತಪ್ಪಲಿನ ಪುಟ್ಟ ಆಶ್ರಮವೊಂದರಲ್ಲಿ ವಿಜಯಪುರ ಸೀಮೆಯಿಂದ ಹೋಗಿ ನೆಲೆಸಿದ ವೃದ್ಧ ಗುರುಗಳಿದ್ದರು. ಶಿಷ್ಯರು ಅವರನ್ನು ಅಜ್ಜಾರು ಎನ್ನುತ್ತಿದ್ದರು.

ಶಿಷ್ಯ ನಿಜಗುಣನೂ ಅದೇ ಸೀಮೆಯವನು. ನಾಲ್ಕು ವರ್ಷ ಮೈಮುರಿದು ಸೇವೆ ಮಾಡಿದ್ದ. ಸನ್ಯಾಸ ಸಿಗಬೇಕು ಎಂಬುದೊಂದೇ ಅವನ ಆಸೆ.

ಒಂದು ಬೆಳಿಗ್ಗೆ ಧೈರ್ಯ ಮಾಡಿ ಕೇಳಿಯೇಬಿಟ್ಟ. ಊರಿನ ಹಂಗು ಹರಿದಿದೆ, ಮನೆ ಬಿಟ್ಟ ದಿನದಿಂದ ಅಣ್ಣನ ಹೆಸರನ್ನೂ ಬಾಯಿಗೆ ತಂದಿಲ್ಲ ಎಂದು ಹೆಮ್ಮೆಯಿಂದಲೇ ಹೇಳಿಕೊಂಡ.

ಅಜ್ಜಾರು ತೋಟದ ಕಡೆ ನೋಡಿದರು. ಹಿಮ ಬೀಳುವ ಕಾಲ ಬಂತು, ತೋಟದ ಡ್ರಿಪ್ ಪೈಪುಗಳನ್ನು ಚಳಿಗೆ ಸಜ್ಜು ಮಾಡಿದ್ದಾಯಿತೇ ಎಂದು ಕೇಳಿದರು.

"ಮೊನ್ನೇನ ನಳ ಬಂದ್ ಮಾಡೀನ್ರೀ ಅಜ್ಜಾರ. ಒಂದು ಹನಿ ಬರಂಗಿಲ್ಲ."

ಅಜ್ಜಾರು ಕೋಲೂರಿಕೊಂಡು ತೋಟಕ್ಕೆ ನಡೆದರು. ಸೇಬಿನ ಗಿಡಗಳ ಸಾಲು ಮುಗಿಯುವಲ್ಲಿ ನಿಂತು, ಪೈಪಿನ ತುದಿಯ ಮುಚ್ಚಳ ಬಿಚ್ಚಲು ಹೇಳಿದರು.

ನಿಜಗುಣ ಬಿಚ್ಚಿದ. ನೀರು ಬುಳಬುಳನೆ ಸುರಿಯಿತು. ಪಾಚಿ ವಾಸನೆಯ, ಕೆಸರು ಬೆರೆತ ನೀರು. ಎಷ್ಟು ಹೊತ್ತಾದರೂ ನಿಲ್ಲಲೊಲ್ಲದು. ಅವನಿಗೆ ತಲೆ ಎತ್ತಲಾಗಲಿಲ್ಲ.

"ಇದು ಒಳಗ ಉಳದಿದ್ರ?"

"ಹೆಪ್ಪುಗಟ್ಟಿ ಪೈಪ್ ಒಡೀತಿತ್ರೀ."

ಇನ್ನೂ ಸ್ವಲ್ಪ ಉಳಿದಿದೆ, ಮೇಲಿನ ತುದಿ ಕಳಚಿ ಊದು ಎಂದರು ಗುರುಗಳು. ನಿಜಗುಣ ಮೊಣಕಾಲೂರಿ ಕೂತು ಊದಿದ. ಒಂದೊಂದೇ ಸಾಲು ಊದುತ್ತ ಹೋದಂತೆ ಎದೆ ಬಿಗಿಯಿತು, ಕಣ್ಣು ಕತ್ತಲಿಟ್ಟಿತು. ಕೊನೆಯ ಸಾಲು ಮುಗಿಸಿ ಮಣ್ಣಿನಲ್ಲೇ ಕುಸಿದು ಕೂತ.

ಅಜ್ಜಾರು ಪಕ್ಕದಲ್ಲಿ ಕೂತರು.

"ನಿಮ್ಮಣ್ಣನ ಹೆಸರೇನಪ್ಪಾ?"

ನಿಜಗುಣ ಅಂಗೈಗೆ ಮೆತ್ತಿದ ಮಣ್ಣು ಒರೆಸಿಕೊಂಡ.

"ಸಿದ್ರಾಮ," ಎಂದ ಕೊನೆಗೆ.

ಆ ಹೆಸರಿನ ಹಿಂದೆಯೇ ಉಳಿದದ್ದೆಲ್ಲ ಬಂತು. ಅವ್ವ ತೀರಿಕೊಂಡಾಗ ನಿಜಗುಣ ಸೋಲಾಪುರದಲ್ಲಿದ್ದ. ಅಣ್ಣ ಒಂದು ದಿನವೂ ಕಾಯದೆ ಮಣ್ಣು ಮಾಡಿದ್ದ. ಊರು ಮುಟ್ಟಿದಾಗ ಅವನಿಗೆ ಸಿಕ್ಕಿದ್ದು ಅವ್ವನ ಮುಖವಲ್ಲ, ಒಂದು ಗುಡ್ಡೆ ಮಣ್ಣು. ಮನೆಯ ಹೊಸ್ತಿಲೂ ತುಳಿಯದೆ ಅಲ್ಲಿಂದಲೇ ಹೊರಟುಬಂದಿದ್ದ. ಹೇಳುತ್ತ ಹೇಳುತ್ತ ಎಳೆಕೂಸಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ.

ಅಜ್ಜಾರು ಅವನ ಅಳು ತಾನಾಗಿ ನಿಲ್ಲುವವರೆಗೆ ಕಾದರು.

ನಿಜಗುಣ ಮುಖ ಒರೆಸಿಕೊಂಡು ಕೈ ಮುಗಿದ.

"ಈಗ ಎದಿ ಹಗುರಾತ್ರೀ ಅಜ್ಜಾರ. ಈಗರ ಸನ್ಯಾಸ ಕೊಡ್ರಿ."

ಅಜ್ಜಾರು ಅವನ ಮುಗಿದ ಕೈಗಳನ್ನು ಹಿಡಿದು ಕೆಳಗಿಳಿಸಿದರು.

"ಆಕಿ ಸಿದ್ರಾಮಗೂ ಅವ್ವ. ನೀ ಹಂಗ ಹೊಳ್ಳಿ ಬಂದ ಮ್ಯಾಲ, ಅವನ ಬಾಜೂಕ ಕುಂತು ಅಳಾಕ ಯಾರಿದ್ರು?"