ಮತ್ತಿಮರದ ಕಾವಲು

ಒಂದು ಕಾಡಿನಲ್ಲಿ ಆ ವರ್ಷದ ಬೇಸಿಗೆಗೆ ಹಳ್ಳಗಳೆಲ್ಲ ಬತ್ತಿ, ಒಂದೇ ಒಂದು ಕೆರೆಯಲ್ಲಿ ನೀರು ಉಳಿದಿತ್ತು. ಜಿಂಕೆ, ಕಡವೆ, ಮೊಲ, ಹಂದಿ ಎಲ್ಲವೂ ನೀರಿಗೆ ಅಲ್ಲಿಗೇ ಬರಬೇಕಾಗಿತ್ತು. ಅದು ಚಿರತೆಗೂ ಚೆನ್ನಾಗಿ ಗೊತ್ತಿತ್ತು.

ಆ ಕಾಡಿಗೆ ಯಜಮಾನಿ ಒಂದು ಮುದಿ ಹೆಣ್ಣಾನೆ. ಎಲ್ಲರೂ ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದರು. ಕೆರೆಯ ದಂಡೆಯಲ್ಲಿದ್ದ ಮತ್ತಿಮರದ ಮೇಲೆ ಅವಳು ಇಬ್ಬರನ್ನು ಕಾವಲಿಗೆ ಕೂರಿಸಿದ್ದಳು. ಒಬ್ಬಳು ನಿಂಗಿ ಎಂಬ ಮುಸುವ ಜಾತಿಯ ಕೋತಿ, ಎದೆಗೆ ಕೂಸು ಅಪ್ಪಿಕೊಂಡ ತಾಯಿ. ಇನ್ನೊಬ್ಬ ಚೆನ್ನಬೀರ ಎಂಬ ನವಿಲು. ಚಿರತೆ ಕಂಡ ಕೂಡಲೇ ಕೂಗಬೇಕು. ಕೂಗಿದ ಮೇಲೆ ಮರ ಬಿಟ್ಟು ಇಳಿಯಬಾರದು. ಚಿರತೆ ಎತ್ತ ಹೋಯಿತೆಂದು ನೋಡುತ್ತಲೇ ಇದ್ದು, ಗುಡ್ಡ ದಾಟಿದ್ದನ್ನು ಕಣ್ಣಾರೆ ಕಂಡ ಮೇಲೆ 'ಹೋಯಿತು' ಎಂದು ಇನ್ನೊಂದು ಕೂಗು ಹಾಕಬೇಕು. ಆಗಲೇ ಉಳಿದವರು ನೀರಿಗೆ ಬಾಯಿ ಹಾಕುವುದು. ಈ ಕೆಲಸಕ್ಕೆ ಪ್ರತಿಯಾಗಿ ಪಕ್ಕದ ಅತ್ತಿಮರದ ಹಣ್ಣೆಲ್ಲ ಕಾವಲಿನವರದು.

ಬಿಸಿಲು ಏರಿದಂತೆ ಅತ್ತಿಹಣ್ಣು ಕಡಿಮೆಯಾಯಿತು. ಇಬ್ಬರ ಹೊಟ್ಟೆಗೆ ಸಾಲದಾಯಿತು. ಹುಣ್ಣಿಮೆಯ ದಿನ ತಾನೇ ಬಂದು ನೋಡುವುದಾಗಿಯೂ, ಕೆಲಸದಲ್ಲಿ ಮೇಲಾದ ಒಬ್ಬರನ್ನು ಮಾತ್ರ ಇಟ್ಟುಕೊಳ್ಳುವುದಾಗಿಯೂ ದೊಡ್ಡಮ್ಮ ಹೇಳಿಕಳಿಸಿದಳು. ಇನ್ನೊಬ್ಬರು ಗುಡ್ಡದಾಚೆಗೆ ಹೋಗಬೇಕು. ಅಲ್ಲಿ ಒಣಗಿದ ಬಿದಿರು ಬಿಟ್ಟರೆ ಏನೂ ಇರಲಿಲ್ಲ.

ಅಂದಿನಿಂದ ನಿಂಗಿಗೆ ತಿಂದದ್ದು ಮೈಗೆ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ಒಣಬಿದಿರೇ ಕಾಣುತ್ತಿತ್ತು. ತನ್ನ ಎದೆಹಾಲು ಬತ್ತಿದರೆ ಕೂಸಿನ ಗತಿಯೇನು ಎಂದು ಕೊರಗುತ್ತಿದ್ದಳು.

ಚೆನ್ನಬೀರನಿಗೆ ಅಂಥ ಚಿಂತೆಯೇ ಇರಲಿಲ್ಲ. ನಿಂಗಿ ಚಿರತೆಯನ್ನು ಕಂಡು ಕೂಗಿದರೆ ಸಾಕು, ಅವನು ಅವಳಿಗಿಂತ ಜೋರಾಗಿ ಕಿರುಚುತ್ತಿದ್ದ. ಮರುಕ್ಷಣವೇ ಮರ ಬಿಟ್ಟು ಹಾರಿ, ದೊಡ್ಡಮ್ಮನಿದ್ದಲ್ಲಿಗೆ ಹೋಗಿ, ಕಂಡವನು ತಾನೇ ಎಂದು ಹೇಳಿಕೊಳ್ಳುತ್ತಿದ್ದ. ದೊಡ್ಡಮ್ಮನ ಕಣ್ಣು ಮಂಜಾಗಿತ್ತು. ಅವಳು ಕಿವಿಗೆ ಬಿದ್ದದ್ದನ್ನು ನಂಬಿ 'ಭೇಷ್' ಎನ್ನುತ್ತಿದ್ದಳು. ಅವನು ಹೊಗಳಿಸಿಕೊಳ್ಳುವಾಗ ಚಿರತೆ ಗುಡ್ಡ ದಾಟುವುದನ್ನು ಕಾಯುತ್ತ ಕೂತಿರುತ್ತಿದ್ದವಳು ನಿಂಗಿ.

"ಕೆಲಸ ಮಾಡಿದರೆ ಸಾಲದು ನಿಂಗಮ್ಮ," ಎಂದು ಅವನು ಒಮ್ಮೆ ಬುದ್ಧಿ ಹೇಳಿದ. "ಮಾಡಿದ್ದು ಮೇಲಿನವರ ಕಣ್ಣಿಗೆ ಬೀಳಬೇಕು."

ಪಾಪ, ನಿಂಗಿಗೆ ಅದೂ ನಿಜವೇ ಇರಬಹುದು ಅನ್ನಿಸಿತು.

ಹುಣ್ಣಿಮೆಯ ದಿನ ಹೊತ್ತು ಇಳಿಯುವಾಗ ದೊಡ್ಡಮ್ಮ ಪರಿವಾರದೊಂದಿಗೆ ಕೆರೆಗೆ ಬಂದಳು. ಅದೇ ಹೊತ್ತಿಗೆ ಲಂಟಾನದ ಪೊದೆಯ ಹತ್ತಿರ ನಿಂಗಿಗೆ ಚಿರತೆಯ ಬೆನ್ನು ಕಂಡಿತು. ಅವಳು ಕೂಗಿದಳು. ಚೆನ್ನಬೀರ ಇನ್ನೂ ಜೋರಾಗಿ ಕೂಗಿ, ಕೆಳಗೆ ಹಾರಿ, ದೊಡ್ಡಮ್ಮನ ಎದುರು ಗರಿ ಬಿಚ್ಚಿ ನಿಂತ. ಆ ಮುಸುವಕ್ಕೆ ಕೂಸು ನೋಡಿಕೊಳ್ಳುವುದೇ ಆಯಿತು, ಬೇಸಿಗೆಯಿಡೀ ಕಾವಲು ಕಾದವನು ತಾನೊಬ್ಬನೇ ಎಂದು ಶುರುಮಾಡಿದ.

ಒಂದೊಂದು ಮಾತೂ ನಿಂಗಿಗೆ ಕೇಳಿಸುತ್ತಿತ್ತು. ಈಗ ಕೆಳಗಿಳಿದು ಬಾಯಿ ಬಿಡದಿದ್ದರೆ ಕೆಲಸ ಹೋದಂತೆಯೇ. ಅವಳು ಒಂದು ಕೊಂಬೆ ಇಳಿದಳು. ಇನ್ನೊಂದು ಇಳಿದಳು. ಅಲ್ಲಿಂದ ನೋಡಿದರೆ ಎಲೆಗಳು ಅಡ್ಡ ಬಂದು ಪೊದೆಯೇ ಕಾಣಲಿಲ್ಲ. ತನ್ನ ಕೂಸಿನ ಚಿಂತೆಯಲ್ಲಿ ಬೇರೆಯವರ ಕೂಸನ್ನು ಚಿರತೆಯ ಬಾಯಿಗೆ ಕೊಡುವುದೇ? ಅವಳು ಸರಸರನೆ ಮೇಲೆ ಹತ್ತಿದಳು. ಆದರೆ ಚಿರತೆ ಇದ್ದ ಜಾಗದಲ್ಲಿ ಇರಲಿಲ್ಲ. ಎಲ್ಲಿ ನೋಡಿದರೂ ಇಲ್ಲ.

ಕೆಳಗೆ ಚೆನ್ನಬೀರ ತಲೆಯನ್ನೂ ತಿರುಗಿಸದೆ 'ಹೋಯಿತು, ಹೋಯಿತು' ಎಂದು ಕೂಗಿಬಿಟ್ಟ.

ದಂಡೆಯಲ್ಲಿದ್ದವರು ಯಾರೂ ನೀರಿಗೆ ತಲೆ ಬಗ್ಗಿಸಲಿಲ್ಲ. ಬಾಯಾರಿದ ಮರಿಯೊಂದು ನೀರಿಗೆ ನುಗ್ಗಲು ನೋಡಿತು. ತಾಯಿಜಿಂಕೆ ಕಾಲು ಅಡ್ಡ ಇಟ್ಟು ಅದನ್ನು ತಡೆಯಿತು. ದೊಡ್ಡಮ್ಮನಿಗೆ ಆಶ್ಚರ್ಯವಾಯಿತು. ಹೋಯಿತು ಎಂದ ಮೇಲೂ ಯಾಕೆ ಕುಡಿಯುತ್ತಿಲ್ಲ ಎಂದು ಕೇಳಿದಳು.

"ನಿಂಗಿ ಇನ್ನೂ ಹೇಳಿಲ್ಲ ದೊಡ್ಡಮ್ಮ," ಎಂದಿತು ಜಿಂಕೆ. "ಅವಳು ಹೇಳದೆ ನಾವು ಯಾವತ್ತೂ ಕುಡಿದಿಲ್ಲ."

ಚೆನ್ನಬೀರನಿಗೆ ಮುಖಕ್ಕೆ ಹೊಡೆದಂತಾಯಿತು. ತನ್ನ ಮಾತು ನಿಜವೆಂದು ತೋರಿಸಲು, ಬಿಚ್ಚಿದ ಗರಿಯನ್ನೂ ಮಡಚದೆ ನೀರಿನ ಅಂಚಿಗೆ ನಡೆದು ಕೊಕ್ಕು ಅದ್ದಿದ. ಅವನ ಹಿಂದಿದ್ದ ಜೊಂಡು ಅಲುಗಿತು. ಅವನಿಗೆ ತನ್ನ ಗರಿಯ ಆಚೆ ಏನೂ ಕಾಣುವಂತಿರಲಿಲ್ಲ. ನಿಂಗಿಗೆ ಕಂಡಿತು.

"ಚೆನ್ನಬೀರ, ಹಾರು, ನಿನ್ನ ಹಿಂದೆಯೇ ಇದೆ!"

ಅವನು ಹಾರಿದ. ಜೀವವೇನೋ ಉಳಿಯಿತು, ಗರಿಯೆಲ್ಲ ಚಿರತೆಯ ಬಾಯಲ್ಲಿ ಉಳಿಯಿತು. ದೊಡ್ಡಮ್ಮ ಘೀಳಿಟ್ಟು ಮುನ್ನುಗ್ಗಿದಳು. ಚಿರತೆ ಗುಡ್ಡದ ಕಡೆ ಓಡಿತು.

ಆಮೇಲೆ ದೊಡ್ಡಮ್ಮ ಮತ್ತಿಮರದ ಬುಡಕ್ಕೆ ಬಂದು, ಮಾತಾಡಬೇಕು, ಇಳಿದು ಬಾ ಎಂದು ನಿಂಗಿಯನ್ನು ಕರೆದಳು. ಇಷ್ಟು ದಿನ ನಿಂಗಿ ಹೆದರುತ್ತ ಕಾದಿದ್ದು ಈ ಕರೆಗೇ. ಆದರೂ ಅವಳ ಕಣ್ಣು ಗುಡ್ಡದ ಮೇಲೆಯೇ ಇತ್ತು.

"ಸ್ವಲ್ಪ ತಡೀರಿ ದೊಡ್ಡಮ್ಮ. ಅದು ಇನ್ನೂ ಗುಡ್ಡ ದಾಟಿಲ್ಲ."

ದೊಡ್ಡಮ್ಮನಿಗೆ ತಡಿ ಎಂದವರು ಆ ಕಾಡಿನಲ್ಲಿ ಅದುವರೆಗೆ ಯಾರೂ ಇರಲಿಲ್ಲ. ದೊಡ್ಡಮ್ಮ ಮರದ ಕೆಳಗೆ ನಿಂತು ಕಾದಳು. ತುಂಬ ಹೊತ್ತಿನ ಮೇಲೆ ನಿಂಗಿ 'ಹೋಯಿತು' ಎಂದು ಕೂಗಿದಳು. ಎಲ್ಲ ತಲೆಗಳೂ ಒಟ್ಟಿಗೆ ನೀರಿಗೆ ಬಗ್ಗಿದವು. ದೊಡ್ಡಮ್ಮನೂ ಆಗಲೇ ಸೊಂಡಿಲು ನೀರಿಗಿಳಿಸಿದಳು.

ಕತ್ತಲಾಗುವ ಮೊದಲೇ ಚೆನ್ನಬೀರ ಮೋಟು ಬಾಲ ಹೊತ್ತು ಗುಡ್ಡದಾಚೆ ನಡೆದ. ಮಳೆ ಬರುವವರೆಗೂ ಮರ ನಿನ್ನದೇ ಎಂದು ದೊಡ್ಡಮ್ಮ ನಿಂಗಿಗೆ ಹೇಳಿ ಹೋದಳು. ನಿಂಗಿಗೆ ಅಳು ಬಂತು. ಅಳುತ್ತಲೇ ಕೂಸನ್ನು ಅಪ್ಪಿಕೊಂಡು, ಲಂಟಾನದ ಪೊದೆಯ ಕಡೆ ನೋಡುತ್ತ ಕೂತಳು.

ನೀತಿ: ಯಜಮಾನರ ಮುಂದೆ ಮೆರೆಯುವವರಿಗೆ ಹೊಗಳಿಕೆ ಸಿಗಬಹುದು, ಆದರೆ ಕೆಲಸ ಪೂರ್ತಿ ಮುಗಿಯುವವರೆಗೆ ಜಾಗ ಬಿಡದವರಿಗೆ ಮಾತ್ರ ಎಲ್ಲರ ನಂಬಿಕೆ ಸಿಗುತ್ತದೆ.