ಡಚ್ಚರ ಕೋಟೆಯ ಅಗುಳಿ

ನದಿ ಸಮುದ್ರ ಸೇರುವಲ್ಲಿ ಹಿಂದೊಮ್ಮೆ ಡಚ್ಚರ ಕೋಟೆಯಿತ್ತು. ಮೆಣಸು ಕೊಳ್ಳಲು ಬಂದವರು ಕಟ್ಟಿಸಿದ್ದು. ಅವರೂ ಹೋದರು, ಕೋಟೆಯೂ ಹೋಯಿತು. ಮರಳಲ್ಲಿ ನಾಲ್ಕು ಕೆಂಪು ಕಲ್ಲು ಉಳಿದವು.

ಆ ಕೋಟೆಯನ್ನು ಚಿತ್ರದಲ್ಲಿ ಎಬ್ಬಿಸಿ ನಿಲ್ಲಿಸುತ್ತೇನೆಂದು ಮಂಜಯ್ಯನವರ ಆಶ್ರಮದಲ್ಲಿ ಚಿತ್ರ ಕಲಿಯುತ್ತಿದ್ದ ಗಣಪು ಹಟ ಹಿಡಿದ. ಜಾಣನೇ, ಇಲ್ಲವೆನ್ನುವುದಿಲ್ಲ. ಆದರೆ ಜಾಣರ ಕಿವಿಗೆ ಬೇರೆಯವರ ಮಾತು ಹೋಗುವುದು ಕಡಿಮೆ.

ಅಲ್ಲಿನ ಕಲ್ಲನ್ನೇ ಅರೆದು ಬಣ್ಣ ಮಾಡಿಕೊಂಡ. ಊಟ ನಿದ್ದೆ ಬಿಟ್ಟ. ಊರಿನಿಂದ ಮಗಳು ಹುಟ್ಟಿದ ಸುದ್ದಿ ಬಂತು. “ಕೋಟೆ ಮುಗಿಯಲಿ, ಹೋಗುತ್ತೇನೆ” ಎಂದ. ಅಪ್ಪನಾದವನು ಆಡುವ ಮಾತೇ ಅದು?

ಒಂದು ಮಧ್ಯಾಹ್ನ ಗುರು ಮಂಜಯ್ಯ ನೋಡಲು ಬಂದರು. ಆಶ್ರಮದ ಗೋಡೆ ತುಂಬ ಕೋಟೆ ಎದ್ದು ನಿಂತಿತ್ತು. ಬುರುಜು, ಗೋದಾಮು, ಮುಚ್ಚಿದ ಹೆಬ್ಬಾಗಿಲು.

“ಇದನ್ನು ಕಂಡವರು ಯಾರೂ ಬದುಕಿಲ್ಲ. ಯಾರನ್ನು ಕೇಳಿ ಬರೆದೆ?”

“ಕೇಳಲಿಲ್ಲ ಗುರುಗಳೇ. ಕುಂಚ ಹಿಡಿದರೆ ತಾನಾಗಿ ಕಾಣುತ್ತದೆ. ಮೆಣಸಿನ ವಾಸನೆಯೂ ಬರುತ್ತದೆ.”

ಮಂಜಯ್ಯನವರ ಮೂಗಿಗೆ ಬಂದದ್ದು ಬಣ್ಣದ ಅಂಟಿನ ವಾಸನೆ ಮಾತ್ರ.

“ಈಗ ಇಲ್ಲದ ಮನೆಯನ್ನು ಬರೆದರೆ ಒಂದು ಕಡೆ ಖಾಲಿ ಬಿಡಬೇಕು. ಅದು ನಮ್ಮ ಹಿರಿಯರ ಪದ್ಧತಿ. ಬಿಟ್ಟಿದ್ದೀಯಾ?”

“ಬಾಗಿಲ ನಡುವೆ ಬಿಟ್ಟಿದ್ದೆ. ಅರೆಬರೆ ಕಾಣುತ್ತಿತ್ತು. ಈಗಷ್ಟೇ ತುಂಬಿದೆ.”

ಗುರುಗಳು ಬರೆದ ಬಾಗಿಲನ್ನು ಬಗ್ಗಿ ನೋಡಿ ಹಿಂದೆ ಸರಿದರು. ಗಣಪುವಿಗೆ ಹೆದರಿಕೆಯಾಯಿತು.

“ಎಲ್ಲಿ ನಿಂತು ಬರೆದೆ?”

“ಹೊರಗೆ. ನದಿಯ ದಡದಲ್ಲಿ ನಿಂತ ಹಾಗೆ.”

“ಬಾಗಿಲಿಗೆ ಅಗುಳಿ ಬರೆದಿದ್ದೀಯಲ್ಲ. ಹೊರಗೆ ನಿಂತವನಿಗೆ ಒಳಗಿನ ಅಗುಳಿ ಕಾಣುತ್ತದೆಯೇ?”

ಗಣಪು ನೋಡಿದ. ಹೌದು, ದಪ್ಪ ಮರದ ಅಗುಳಿ ಅಡ್ಡ ಬಿದ್ದಿತ್ತು. ತಾನೇ ಬರೆದದ್ದು. ಬೆನ್ನ ಹಿಂದೆ ಯಾರೋ ಮೂಟೆ ಎಳೆದ ಸದ್ದಾಯಿತು. ತಿರುಗಿ ನೋಡಲು ಧೈರ್ಯ ಬರಲಿಲ್ಲ.

“ನಿನ್ನ ಹೆಂಡತಿ ಕೂಸನ್ನೆತ್ತಿಕೊಂಡು ಅಂಗಳಕ್ಕೆ ಬಂದಿದ್ದಾಳೆ. ಕೂಸು ಅಳುತ್ತಿದೆ. ಕೇಳಿಸುತ್ತಿದೆಯಾ?”

“ಇಲ್ಲ ಗುರುಗಳೇ. ನಿಮ್ಮ ಮಾತೂ ದೂರ ಹೋಗುತ್ತಿದೆ. ನಾನು ಮಗಳ ಮುಖ ನೋಡಬೇಕು.”

ಮಂಜಯ್ಯ ಒಂದು ಬಟ್ಟೆಯನ್ನು ನೀರಿಗೆ ಅದ್ದಿ ಅವನತ್ತ ಚಾಚಿದರು.

“ನೀವೇ ಒರೆಸಿಬಿಡಿ ಗುರುಗಳೇ. ನನ್ನ ಕೈ ಏಳುತ್ತಿಲ್ಲ.”

“ಅಗುಳಿ ಹೊರಗಿನವರ ಕೈಗೆ ಎಟಕುವುದಿಲ್ಲ ಮಾರಾಯ. ಬಣ್ಣ ಹಸಿಯಿರುವಾಗಲೇ ಒರೆಸು.”